ಎರಡು ಪ್ಯಾಕೇಜು, ಎರಡು ಥರದ ಹಳತು

ಪ್ರಶ್ನೆ: ಸರ್, ನಾನು ಮೂಡಿಗೆರೆ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ನಮ್ಮ ಲ್ಯಾಬಿನಲ್ಲಿ ದಾನವಾಗಿ ಬಂದ 12 ಕಂಪ್ಯೂಟರ್ ಇವೆ. ಎಲ್ಲದರಲ್ಲೂ ಡೆಬಿಯನ್ 12 ಅನ್ನುವ ಲಿನಕ್ಸ್ ಇದೆ. ಚಿತ್ರ ತಿದ್ದುವ ಪ್ರೋಗ್ರಾಂ ಗಿಂಪ್‌ನ 3.0 ಆವೃತ್ತಿ ಬಂದಿದ್ದು 2025ರ ಮಾರ್ಚ್‌ನಲ್ಲಿ. ನಮ್ಮಲ್ಲಿ ಮಾತ್ರ 2.10 ಇದೆ. ಮಕ್ಕಳು ನೋಡುವ ಪಾಠದ ವಿಡಿಯೊದಲ್ಲಿ ಒಂದು ಥರ, ನಮ್ಮ ಪರದೆಯಲ್ಲಿ ಇನ್ನೊಂದು ಥರ. ಇದರ ಜೊತೆಗೆ ಅಂಕಪಟ್ಟಿ ತಯಾರಿಸುವ ಒಂದು ಸಣ್ಣ ಪ್ರೋಗ್ರಾಂ ಬಳಸುತ್ತೇವೆ. ಕನ್ನಡದಲ್ಲಿ ಹೆಸರು ತುಂಬಿ ಪ್ರಿಂಟ್ ಕೊಟ್ಟರೆ ಅದು ಮುಚ್ಚಿಹೋಗುತ್ತದೆ. ಅದನ್ನು ಬರೆದವರನ್ನು ಕೇಳಿದರೆ, ‘ಎರಡು ವರ್ಷದ ಹಿಂದೆಯೇ ಸರಿಮಾಡಿದ್ದೇನೆ, ಹಳೆಯದನ್ನು ಹಂಚುತ್ತಿರುವವರನ್ನು ಕೇಳಿ’ ಎಂದರು. ಡೆಬಿಯನ್‌ನಲ್ಲಿ ಅದರ ಪ್ಯಾಕೇಜು, ಅಂದರೆ ಹಂಚಲು ಕಟ್ಟಿಟ್ಟ ರೂಪ, ನೋಡಿಕೊಳ್ಳುವವರಿಗೆ ಎರಡು ಸಲ ಬರೆದೆ. ಎಂಟು ತಿಂಗಳಾಯಿತು, ಉತ್ತರ ಇಲ್ಲ. ಎರಡನೇ ಸಲ ಸ್ವಲ್ಪ ಖಾರವಾಗಿಯೇ ಬರೆದೆ. ಬೆಂಗಳೂರಿನ ಸ್ನೇಹಿತರೊಬ್ಬರು ‘ಆರ್ಚ್ ಲಿನಕ್ಸ್ ಹಾಕಿ, ಎಲ್ಲ ಹೊಸದೇ ಸಿಗುತ್ತೆ’ ಅನ್ನುತ್ತಾರೆ. ತಪ್ಪು ಯಾರದ್ದು? ನಾವು ಡೆಬಿಯನ್ ಬಿಡಬೇಕಾ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರ ಓದಿದ ಮೇಲೆ ಆ ಎರಡೂ ಪ್ಯಾಕೇಜುಗಳ ಪುಟ ತೆಗೆದು ನೋಡಿದೆ. ನೀವು ಒಂದೇ ಉಸಿರಿನಲ್ಲಿ ಎರಡು ದೂರು ಹೇಳಿದ್ದೀರಿ. ಅವೆರಡೂ ಬೇರೆ ಬೇರೆ. ಗಿಂಪ್ ಹಳೆಯದಾಗಿರುವುದು ಒಂದು ಮಾತು ಕೊಟ್ಟಿರುವುದರಿಂದ. ಅಂಕಪಟ್ಟಿಯ ಪ್ರೋಗ್ರಾಂ ಹಳೆಯದಾಗಿರುವುದು ಯಾರೂ ಅದರ ಕಡೆ ತಿರುಗಿ ನೋಡದೇ ಇರುವುದರಿಂದ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ನಂಬರು ಚಿಕ್ಕದು, ಅಷ್ಟೇ. ಈ ವಿಷಯದಲ್ಲಿ ನಾನು ಕಂಡಿರುವ ಜಗಳಗಳಲ್ಲಿ ಜಾಸ್ತಿ ಪಾಲು ಹುಟ್ಟುವುದು ಈ ಎರಡನ್ನೂ ಒಂದೇ ಅಂದುಕೊಳ್ಳುವುದರಿಂದ.

ಗಿಂಪ್‌ನಿಂದ ಶುರು ಮಾಡುತ್ತೇನೆ. ಡೆಬಿಯನ್ 12 ಬಿಡುಗಡೆಯಾಗಿದ್ದು 2023ರ ಜೂನ್ 10ರಂದು. ಆ ದಿನ ಅದರಲ್ಲಿದ್ದ ಗಿಂಪ್ 2.10.34. ಗಿಂಪ್ ತಂಡದವರ ಬಳಿಯೂ ಆ ದಿನ ಇದ್ದ ಕೊನೆಯ ಆವೃತ್ತಿ ಅದೇ. ಅಂದರೆ ಹಂಚುವಾಗ ಅದು ಹಳೆಯದಾಗಿರಲಿಲ್ಲ. ಅಲ್ಲಿಂದ ಮುಂದೆ ಡೆಬಿಯನ್ ಸ್ಟೇಬಲ್, ಅಂದರೆ ಎಲ್ಲರ ಬಳಕೆಗೆ ಅಂತ ಬಿಡುಗಡೆಯಾದ ಡೆಬಿಯನ್, ಬೇಕೆಂದೇ ನಿಂತುಬಿಡುತ್ತದೆ. ಹೊಸ ಸೌಲಭ್ಯ ಸೇರಿಸುವುದಿಲ್ಲ, ಮೆನು ಬದಲಾಯಿಸುವುದಿಲ್ಲ. ದೋಷ ಸಿಕ್ಕರೆ, ಅದರಲ್ಲೂ ಭದ್ರತೆಯ ದೋಷ ಸಿಕ್ಕರೆ, ಅಷ್ಟಕ್ಕೆ ಮಾತ್ರ ತೇಪೆ ಹಾಕುತ್ತಾರೆ.

ಆ ತೇಪೆಯ ಕೆಲಸ ಹೇಗಿರುತ್ತದೆ ಅಂತ ಒಂದು ಉದಾಹರಣೆ ಕೊಡುತ್ತೇನೆ. 2023ರಲ್ಲಿ ಗಿಂಪ್‌ನಲ್ಲಿ ಕೆಲವು ದೋಷಗಳು ಸಿಕ್ಕಿದವು. ಯಾರೋ ಕೆಡುಕು ಮಾಡಲೆಂದೇ ತಯಾರಿಸಿದ ಪಿಎಸ್‌ಡಿ ಅಥವಾ ಡಿಡಿಎಸ್ ಚಿತ್ರವನ್ನು ನೀವು ತೆರೆದರೆ ಸಾಕು, ಅವರ ಕೋಡ್ ನಿಮ್ಮ ಕಂಪ್ಯೂಟರಿನಲ್ಲಿ ಓಡುವ ಸಾಧ್ಯತೆ ಇತ್ತು. ಗಿಂಪ್ ತಂಡ ಅದನ್ನು ಸರಿಮಾಡಿ 2.10.36 ಬಿಟ್ಟಿತು. ಡೆಬಿಯನ್‌ನವರು 2.10.36 ತರಲಿಲ್ಲ. ಅದರೊಳಗಿನ ಆ ರಿಪೇರಿಯನ್ನಷ್ಟೇ ಬಿಡಿಸಿ ತೆಗೆದು, ಅದೇ 2.10.34ಕ್ಕೆ ಹೊಲಿದು, ಆ ವರ್ಷದ ನವೆಂಬರ್‌ನಲ್ಲೇ ನಿಮಗೆ ಕಳಿಸಿದರು. ನಿಮ್ಮ ಲ್ಯಾಬಿನ ಯಾವುದಾದರೂ ಮೆಷಿನ್‌ನಲ್ಲಿ ಪ್ಯಾಕೇಜಿನ ಪೂರ್ತಿ ನಂಬರು ನೋಡಿ. ಕೊನೆಯಲ್ಲಿ ‘ಡೆಬ್12ಯು’ ಅಂತ ಒಂದು ಬಾಲ, ಅದರ ಮುಂದೆ ಒಂದು ಅಂಕಿ ಇರುತ್ತದೆ. ಆ ಬಾಲವೇ ತೇಪೆಯ ಗುರುತು. ಟರ್ಮಿನಲ್ ತೆರೆದು ‘ಆಪ್ಟ್ ಚೇಂಜ್‌ಲಾಗ್’ ಆಜ್ಞೆಗೆ ಪ್ಯಾಕೇಜಿನ ಹೆಸರು ಕೊಟ್ಟರೆ ಯಾವ ತೇಪೆ ಯಾವಾಗ ಬಿತ್ತು ಅಂತ ಪೂರ್ತಿ ಕಾಣುತ್ತದೆ. ಬರೀ ದೊಡ್ಡ ನಂಬರು ನೋಡಿ ‘ಇದರಲ್ಲಿ ತೂತುಗಳಿವೆ’ ಅನ್ನುವವರು ಈ ಬಾಲವನ್ನು ನೋಡಿರುವುದಿಲ್ಲ.

ಸರಿ, ತೇಪೆ ಹಾಕುವ ಬದಲು ಹೊಸದನ್ನೇ ತಂದುಬಿಟ್ಟರೆ ಏನು ಕಷ್ಟ? ನ್ಯಾಯವಾದ ಪ್ರಶ್ನೆ. ಗಿಂಪ್ 3.0 ಒಂಟಿಯಾಗಿ ಬರುವುದಿಲ್ಲ. ಪರದೆಯ ಮೆನು, ಬಟನ್‌ಗಳನ್ನು ಮೂಡಿಸುವ ಲೈಬ್ರರಿ ಜಿಟಿಕೆ; ಲೈಬ್ರರಿ ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್. 2.10 ನಿಂತಿದ್ದು ಜಿಟಿಕೆ 2ರ ಮೇಲೆ, 3.0 ನಿಂತಿರುವುದು ಜಿಟಿಕೆ 3ರ ಮೇಲೆ. ಬಣ್ಣದ ಲೆಕ್ಕ ಮಾಡುವ ಬ್ಯಾಬ್ಲ್, ಚಿತ್ರದ ಕೆಲಸ ಮಾಡುವ ಗೆಗ್ಲ್, ಈ ಎರಡು ಲೈಬ್ರರಿಗಳೂ ಹೊಸದು ಬೇಕು. ಲೈಬ್ರರಿ ಬದಲಾದರೆ ಅದನ್ನೇ ನಂಬಿರುವ ಬೇರೆ ಪ್ಯಾಕೇಜುಗಳನ್ನೂ ಮತ್ತೆ ಕಟ್ಟಿ ಪರೀಕ್ಷಿಸಬೇಕು. 2.10ಕ್ಕೆ ಯಾರೋ ಬರೆದ ಪ್ಲಗಿನ್‌ಗಳು 3.0ರಲ್ಲಿ ಹಾಗೇ ನಡೆಯುವುದಿಲ್ಲ. ಇದು ಒಂದು ಪ್ಯಾಕೇಜಿನ ಕಥೆ. ಡೆಬಿಯನ್ 12ರಲ್ಲಿ 64,419 ಪ್ಯಾಕೇಜುಗಳಿದ್ದವು. ಅವನ್ನು ನೋಡಿಕೊಳ್ಳುವ ಡೆವಲಪರ್‌ಗಳು ಸಾವಿರದ ಆಸುಪಾಸು. ಡೆಬಿಯನ್ ಅವರಿಗೆ ಸಂಬಳ ಕೊಡುವುದಿಲ್ಲ. ಬಹಳ ಜನಕ್ಕೆ ಇದು ಕೆಲಸ ಮುಗಿದ ಮೇಲೆ ರಾತ್ರಿ ಕೂತು ಮಾಡುವ ಕೆಲಸ. ಎಲ್ಲವನ್ನೂ ಒಂದು ದಿನ ನಿಲ್ಲಿಸಿ, ತಿಂಗಳುಗಟ್ಟಲೆ ಬರೀ ದೋಷ ಹುಡುಕಿ, ಆಮೇಲೆ ‘ಇದು ಹೀಗೇ ಇರುತ್ತದೆ’ ಅಂತ ಮಾತು ಕೊಟ್ಟರೆ ಮಾತ್ರ ಅಷ್ಟು ಜನ ಅಷ್ಟು ಪ್ಯಾಕೇಜು ಹೊರಬಹುದು.

ಈ ಮಾತಿಗೆ ಹೊರತಾದವೂ ಇವೆ. ಫೈರ್‌ಫಾಕ್ಸ್‌ನಂಥ ಬ್ರೌಸರಿಗೆ ಕೈಯಲ್ಲಿ ತೇಪೆ ಹಾಕುತ್ತಾ ಕೂರಲು ಯಾರಿಂದಲೂ ಆಗಲ್ಲ. ಅದಕ್ಕೆ ಅದರ ದೀರ್ಘಕಾಲದ ಆವೃತ್ತಿಯನ್ನು, ಇಎಸ್‌ಆರ್ ಅಂತಾರಲ್ಲ ಅದನ್ನು, ಸ್ಟೇಬಲ್‌ನಲ್ಲೂ ಹೊಸದಕ್ಕೆ ಏರಿಸುತ್ತಾ ಹೋಗುತ್ತಾರೆ.

ನಿಮ್ಮ ಶಾಲೆಗೆ ಈ ಮಾತಿನಿಂದ ಏನು ಲಾಭ? ಜೂನ್‌ನಲ್ಲಿ ನೀವು ಬರೆದ ಪಾಠದ ಟಿಪ್ಪಣಿ ಮಾರ್ಚ್‌ವರೆಗೆ ಹಾಗೇ ನಡೆಯುತ್ತದೆ. ಪರೀಕ್ಷೆಯ ವಾರ ಅಪ್‌ಡೇಟ್ ಹಾಕಿದರೂ ಬೆಳಗ್ಗೆ ಲ್ಯಾಬ್ ತೆರೆದಾಗ ಮೆನು ಬೇರೆ ಆಗಿರುವುದಿಲ್ಲ. ಆರ್ಚ್‌ನಲ್ಲಿ ಈ ಭರವಸೆ ಇಲ್ಲ. ಅದು 2002ರಿಂದಲೂ ಹರಿಯುವ ನೀರಿನ ಹಾಗೆ, ಹೊಸದು ಬಂದಂತೆ ಬರುತ್ತಲೇ ಇರುತ್ತದೆ. ಅಲ್ಲಿ ಒಂದು ಪ್ಯಾಕೇಜು ಮಾತ್ರ ಹೊಸದು ಮಾಡಿ ಉಳಿದದ್ದನ್ನು ಹಾಗೇ ಬಿಡಲು ಅವರು ಒಪ್ಪುವುದಿಲ್ಲ. ಮಾಡಿದರೆ ಇಡೀ ವ್ಯವಸ್ಥೆಯನ್ನೇ ಹೊಸದು ಮಾಡಬೇಕು. ಒಬ್ಬರೇ ಕೂತು ಒಂದು ಲ್ಯಾಪ್‌ಟಾಪ್ ನೋಡಿಕೊಳ್ಳುವವರಿಗೆ ಅದು ಚೆನ್ನಾಗಿದೆ. ನಿಮ್ಮ ಸ್ನೇಹಿತರು ಹೇಳಿದ್ದು ಅವರ ಮಟ್ಟಿಗೆ ಸರಿ. ಮಳೆಗಾಲದಲ್ಲಿ ದಿನಕ್ಕೆ ಐದು ಸಲ ಕರೆಂಟು ಹೋಗುವ, ನೆಟ್ ತೆವಳುವ ನಿಮ್ಮ ಕಡೆಯ ಶಾಲೆಯಲ್ಲಿ 12 ಮೆಷಿನ್‌ಗೆ ನಾನು ಅದನ್ನು ಹೇಳುವುದಿಲ್ಲ. ಅಪ್‌ಡೇಟ್ ಅರ್ಧದಲ್ಲಿರುವಾಗ ಕರೆಂಟು ಹೋದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಆದರೆ ಗಿಂಪ್ 3.0 ಬೇಕು ಅನ್ನುವುದೂ ನ್ಯಾಯವೇ. ಅದಕ್ಕೆ ಎರಡು ದಾರಿ ಇವೆ. ಗಿಂಪ್ ತಂಡವೇ ಫ್ಲ್ಯಾಟ್‌ಪ್ಯಾಕ್ ರೂಪದಲ್ಲಿ ಹೊಸ ಗಿಂಪ್ ಕೊಡುತ್ತದೆ. ಅದು ತನಗೆ ಬೇಕಾದ ಲೈಬ್ರರಿಗಳನ್ನೆಲ್ಲ ಜೊತೆಯಲ್ಲೇ ತರುತ್ತದೆ, ಡೆಬಿಯನ್‌ನ ಯಾವುದನ್ನೂ ಮುಟ್ಟುವುದಿಲ್ಲ. ಆದರೆ ಡೌನ್‌ಲೋಡ್ ಭಾರ, ನೂರಾರು ಎಂಬಿ ಆಗುತ್ತದೆ. ಮೊದಲು ನಿಮ್ಮ ಒಂದು ಮೆಷಿನ್‌ನಲ್ಲಿ ಹಾಕಿ ನೋಡಿ. ಇನ್ನೊಂದು ದಾರಿ ರಜೆಯಲ್ಲಿ ಡೆಬಿಯನ್ 13ಕ್ಕೆ ಏರುವುದು. ಅದು 2025ರ ಆಗಸ್ಟ್ 9ರಂದು ಬಂದಿದೆ, ಅದರಲ್ಲಿ ಗಿಂಪ್ 3.0 ಇದೆ. 12 ಮೆಷಿನ್‌ಗೂ ಬೇರೆ ಬೇರೆಯಾಗಿ ಡೌನ್‌ಲೋಡ್ ಮಾಡಬೇಡಿ. ಒಂದರಲ್ಲಿ ‘ಆಪ್ಟ್-ಕ್ಯಾಶರ್-ಎನ್‌ಜಿ’ ಹಾಕಿ, ಉಳಿದವು ಅದರಿಂದ ತೆಗೆದುಕೊಳ್ಳುವ ಹಾಗೆ ಮಾಡಿ. ಒಂದು ಸಲ ಇಳಿಸಿದ್ದು ಎಲ್ಲಕ್ಕೂ ಆಗುತ್ತದೆ.

ಇದಕ್ಕೆ ಮುಂಚೆ ಒಂದು ವಿಷಯ ಗಮನಿಸಿ. ದಾನವಾಗಿ ಬಂದ ಮೆಷಿನ್‌ಗಳಲ್ಲಿ 32 ಬಿಟ್‌ನವು ಇದ್ದರೆ ಡೆಬಿಯನ್ 13 ಅವಕ್ಕೆ ಆಗುವುದಿಲ್ಲ. 32 ಬಿಟ್‌ಗೆ ಕರ್ನಲ್ (ವ್ಯವಸ್ಥೆಯ ತಿರುಳು) ಮತ್ತು ಇನ್‌ಸ್ಟಾಲರ್ ಕೊಡುವುದನ್ನು ಆ ಬಿಡುಗಡೆಯಿಂದ ನಿಲ್ಲಿಸಿದ್ದಾರೆ. ಹೊಸ ಗಿಂಪ್‌ನ ಫ್ಲ್ಯಾಟ್‌ಪ್ಯಾಕ್ ಕೂಡ 64 ಬಿಟ್‌ಗೇ. ಟರ್ಮಿನಲ್‌ನಲ್ಲಿ ‘ಎಲ್‌ಎಸ್‌ಸಿಪಿಯು’ ಅಂತ ಕೊಟ್ಟು ನೋಡಿ. ಎಷ್ಟೋ ಕಡೆ ಪ್ರೊಸೆಸರ್ 64 ಬಿಟ್ ಇದ್ದರೂ ಯಾರೋ ಹಿಂದೆ 32 ಬಿಟ್ ಡೆಬಿಯನ್ ಹಾಕಿಟ್ಟಿರುತ್ತಾರೆ. ಕೋರ್ 2 ಡ್ಯುಯೊ ಇದ್ದರೆ ಅದು 64 ಬಿಟ್ಟೇ. ನಿಜವಾಗಿ 32 ಬಿಟ್ ಇರುವವು ಡೆಬಿಯನ್ 12ರಲ್ಲೇ ಇರಲಿ. ಡೆಬಿಯನ್ 12ಕ್ಕೆ ಭದ್ರತಾ ತಂಡದ ಬೆಂಬಲ 2026ರ ಜೂನ್‌ವರೆಗೆ, ಅದಾದ ಮೇಲೆ ದೀರ್ಘಕಾಲದ ಬೆಂಬಲ 2028ರ ಜೂನ್‌ವರೆಗೆ.

ಗಿಂಪ್ ಕಥೆ ಇಷ್ಟು. ಇಲ್ಲಿ ಯಾರದ್ದೂ ತಪ್ಪಿಲ್ಲ.

ಈಗ ಅಂಕಪಟ್ಟಿಯ ಪ್ರೋಗ್ರಾಂ. ಅದರ ಹೆಸರನ್ನು ಇಲ್ಲಿ ಬಿಟ್ಟಿದ್ದೇನೆ. ಅದನ್ನು ನೋಡಿಕೊಳ್ಳುವವರು ಒಬ್ಬರೇ, ಅವರ ಕಡೆಯ ಮಾತು ನಾನು ಕೇಳಿಲ್ಲ. ಆದರೆ ಪುಟದಲ್ಲಿ ಕಂಡಿದ್ದನ್ನು ಹೇಳಬಹುದು. ಒಂದು ಪ್ಯಾಕೇಜು ಯಾವ ಥರ ಹಳೆಯದು ಅಂತ ತಿಳಿಯಬೇಕಾದರೆ ಸ್ಟೇಬಲ್ ನೋಡಿ ಪ್ರಯೋಜನವಿಲ್ಲ. ‘ಅನ್‌ಸ್ಟೇಬಲ್’ ನೋಡಬೇಕು. ಹೊಸ ಆವೃತ್ತಿ ಮೊದಲು ಬರುವುದು ಅಲ್ಲಿಗೆ. ಅಲ್ಲಿ ಕೆಲವು ದಿನ ಇದ್ದು, ದೊಡ್ಡ ದೋಷ ಕಾಣದಿದ್ದರೆ ‘ಟೆಸ್ಟಿಂಗ್’ಗೆ ಹೋಗುತ್ತದೆ. ಟೆಸ್ಟಿಂಗ್ ಅನ್ನು ನಿಲ್ಲಿಸಿದಾಗ ಮುಂದಿನ ಸ್ಟೇಬಲ್ ಆಗುತ್ತದೆ. ಹಾಗಾಗಿ ಸ್ಟೇಬಲ್‌ನಲ್ಲಿ ಹಳೆಯದು, ಅನ್‌ಸ್ಟೇಬಲ್‌ನಲ್ಲಿ ಹೊಸದು ಇದ್ದರೆ ಆ ಮನೆಯಲ್ಲಿ ದೀಪ ಉರಿಯುತ್ತಿದೆ ಅಂತ ಅರ್ಥ. ನಿಮ್ಮ ಅಂಕಪಟ್ಟಿಯ ಪ್ಯಾಕೇಜು ಅನ್‌ಸ್ಟೇಬಲ್‌ನಲ್ಲೂ ಅದೇ ಹಳೆಯ ನಂಬರಿನಲ್ಲಿದೆ. ಕೊನೆಯ ಸಲ ಯಾರಾದರೂ ಮುಟ್ಟಿ ನಾಲ್ಕು ವರ್ಷವಾಗಿದೆ. ಬರೆದವರು ಅಷ್ಟರಲ್ಲಿ ಮೂರು ಆವೃತ್ತಿ ಬಿಟ್ಟಿದ್ದಾರೆ. ‘ಹೊಸದು ಬಂದಿದೆ’ ಅಂತ ಯಂತ್ರವೇ ಹುಡುಕಿ ಪುಟದಲ್ಲಿ ಸೂಚನೆ ಹಾಕಿದೆ. ನಿಮ್ಮದು ಸೇರಿ ಮೂರು ದೂರುಗಳಿಗೆ ಉತ್ತರ ಇಲ್ಲ.

ಇದನ್ನು ‘ಸ್ಟೇಬಲ್‌ನ ಮಾತು’ ಅಂತ ಯಾರಾದರೂ ಸಮರ್ಥಿಸಿದರೆ ನಾನು ಒಪ್ಪುವುದಿಲ್ಲ. ಇಲ್ಲಿ ನಿಮ್ಮ ದೂರು ಸರಿ. ನಿಮ್ಮ ಪ್ರೋಗ್ರಾಂ ಬರೆದವರ ಬೇಸರವೂ ಸರಿ.

ಬರೆದವರ ಕಡೆಯಿಂದ ಒಮ್ಮೆ ನೋಡಿ. ಹಾಸನದಲ್ಲಿ ಆಲೂಗಡ್ಡೆ ಬಿತ್ತುವವರು ಮನೆಯಲ್ಲಿದ್ದರೆ ಇದು ನಿಮಗೆ ಬೇಗ ಅರ್ಥವಾಗುತ್ತದೆ. ಬಿತ್ತನೆ ಗೆಡ್ಡೆ ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಮೊಳಕೆ ಬರದೆ ಹೊಲದಲ್ಲೇ ಕೊಳೆತರೆ ರೈತ ಹೋಗಿ ನಿಲ್ಲುವುದು ಎಪಿಎಂಸಿಯ ಮಂಡಿ ಮುಂದೆ. ಮಂಡಿಯವರು ಜಲಂಧರ್ ಕಡೆ ಕೈ ತೋರಿಸುತ್ತಾರೆ. ಅಲ್ಲಿಯವರು ‘ನಾವು ಕೊಟ್ಟಾಗ ಚೆನ್ನಾಗಿತ್ತು’ ಅನ್ನುತ್ತಾರೆ. ಸಾಫ್ಟ್‌ವೇರ್‌ನಲ್ಲಿ ಇದು ತಲೆಕೆಳಗು. ಇಲ್ಲಿ ಬಳಸುವವರಿಗೆ ಗೊತ್ತಿರುವ ಹೆಸರು ಬರೆದವರದ್ದು, ಚೀಲದ ಮೇಲೆ ಇರುವ ಹೆಸರೂ ಅವರದ್ದೇ. ಮಧ್ಯದಲ್ಲಿ ಇರುವ ಮಂಡಿ ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಮೂರು ವರ್ಷ ಹಿಂದಿನ ಆವೃತ್ತಿಯ ದೂರು ಕೂಡ ನೇರವಾಗಿ ಬರೆದವರ ಮನೆ ಬಾಗಿಲಿಗೇ ಬರುತ್ತದೆ. ಸರಿಮಾಡಿದ ದೋಷಕ್ಕೇ ನೂರನೇ ಸಲ ಉತ್ತರ ಬರೆಯುವುದು ಎಂಥವರಿಗೂ ಸಾಕಾಗುತ್ತದೆ.

ಕಂಪ್ಯೂಟರ್ ಸುಮ್ಮನಿದ್ದಾಗ ಪರದೆಗೆ ಬೀಗ ಹಾಕುವ ಎಕ್ಸ್‌ಸ್ಕ್ರೀನ್‌ಸೇವರ್ ಬರೆದ ಜೇಮಿ ಜವಿನ್‌ಸ್ಕಿ ಇದನ್ನು ಸಹಿಸದೆ ‘ಈ ಆವೃತ್ತಿ ತುಂಬಾ ಹಳೆಯದು’ ಅಂತ ತೋರಿಸುವ ಎಚ್ಚರಿಕೆಯನ್ನು ಪ್ರೋಗ್ರಾಂ ಒಳಗೇ ಸೇರಿಸಿದ್ದರು. 2016ರಲ್ಲಿ ಆ ಎಚ್ಚರಿಕೆ ಡೆಬಿಯನ್ ಸ್ಟೇಬಲ್ ಬಳಸುವವರ ಪರದೆಗಳಲ್ಲಿ ಬರಲು ಶುರುವಾಯಿತು. ಎಚ್ಚರಿಕೆಯನ್ನು ತೆಗೆದುಹಾಕುವ ಮಾತು ಡೆಬಿಯನ್ ಒಳಗೆ ಎದ್ದಿತು. ಅದಕ್ಕೆ ಅವರು, ಹಾಗೆ ಮಾಡುವುದಾದರೆ ನನ್ನ ಪ್ರೋಗ್ರಾಂ ಅನ್ನೇ ಕೈಬಿಡಿ ಅಂತ ಕೇಳಿದರು. ಪ್ಯಾಕೇಜು ಇವತ್ತಿಗೂ ಡೆಬಿಯನ್‌ನಲ್ಲಿದೆ. ಪರವಾನಗಿ ಅದಕ್ಕೆ ಅವಕಾಶ ಕೊಡುತ್ತದೆ. ಆದರೆ ಕಾನೂನು ಬಿಡುತ್ತದೆ ಅಂದಮಾತ್ರಕ್ಕೆ ಬರೆದವರ ಮನಸ್ಸಿನ ನೋವು ಸುಳ್ಳಾಗುವುದಿಲ್ಲ. ಅದಕ್ಕೆ ಎರಡು ವರ್ಷ ಮುಂಚೆ, 2014ರಲ್ಲಿ, ಓನ್‌ಕ್ಲೌಡ್ ತಂಡ ಉಬುಂಟು ಅನ್ನುವ ಇನ್ನೊಂದು ಲಿನಕ್ಸ್‌ನವರಿಗೆ ಇಂಥದ್ದೇ ಮನವಿ ಮಾಡಿತ್ತು. ಜನ ತಮ್ಮ ಫೈಲುಗಳನ್ನೆಲ್ಲ ಇಡುವ ಸರ್ವರ್ ಪ್ರೋಗ್ರಾಂ ಅದು. ಗೊತ್ತಿರುವ ಭದ್ರತಾ ದೋಷಗಳಿದ್ದ ಹಳೆಯ ಪ್ಯಾಕೇಜು ‘ಯೂನಿವರ್ಸ್’ ಅನ್ನುವ ವಿಭಾಗದಲ್ಲಿ ಬಿದ್ದಿತ್ತು. ಆ ವಿಭಾಗವನ್ನು ನೋಡಿಕೊಳ್ಳುವುದು ಸ್ವಯಂಸೇವಕರು. ಅದೊಂದನ್ನು ಯಾರೂ ನೋಡುತ್ತಿರಲಿಲ್ಲ. ಉಬುಂಟು ಎಲ್‌ಟಿಎಸ್, ಅಂದರೆ ದೀರ್ಘಕಾಲ ಬೆಂಬಲ ಇರುವ ಆವೃತ್ತಿ, ಬಳಸುವ ಬಹಳ ಜನಕ್ಕೆ ಉಬುಂಟು ಕಂಪನಿಯೇ ನೋಡಿಕೊಳ್ಳುವ ‘ಮೇನ್’ ಮತ್ತು ಈ ‘ಯೂನಿವರ್ಸ್’ ಅಂತ ಎರಡು ಭಾಗ ಇರುವುದೇ ಗೊತ್ತಿಲ್ಲ. ಐದು ವರ್ಷದ ಬೆಂಬಲ ಅಂದರೆ ಎಲ್ಲಕ್ಕೂ ಅಂದುಕೊಂಡಿರುತ್ತಾರೆ.

ಹಂಚುವವರ ತೇಪೆಯೇ ಅನಾಹುತ ಮಾಡಿದ್ದೂ ಉಂಟು. ಅದನ್ನು ಮುಚ್ಚಿಡುವುದು ಸರಿಯಲ್ಲ. 2006ರಲ್ಲಿ ಡೆಬಿಯನ್‌ನಲ್ಲಿ, ನೆಟ್ ಸಂಪರ್ಕವನ್ನು ಗುಟ್ಟಾಗಿಡುವ ಓಪನ್‌ಎಸ್‌ಎಸ್‌ಎಲ್ ಪ್ಯಾಕೇಜಿಗೆ ಒಂದು ಸಣ್ಣ ಬದಲಾವಣೆ ಮಾಡಿದರು. ಒಂದು ಪರೀಕ್ಷಾ ಉಪಕರಣ ತೋರಿಸುತ್ತಿದ್ದ ಎಚ್ಚರಿಕೆಯನ್ನು ನಿಲ್ಲಿಸುವುದಷ್ಟೇ ಉದ್ದೇಶ. ಆದರೆ ಗುಟ್ಟಿನ ಕೀಲಿ ತಯಾರಿಸಲು ಬೇಕಾದ ಯಾದೃಚ್ಛಿಕತೆ, ಅಂದರೆ ಯಾರೂ ಊಹಿಸಲಾಗದ ಅಂಕಿಗಳ ಮೂಲ, ಅದರ ಜೊತೆ ಹೋಗಿಬಿಟ್ಟಿತು. ಉಳಿದಿದ್ದು ಓಡುವ ಪ್ರೋಗ್ರಾಂಗೆ ವ್ಯವಸ್ಥೆ ಕೊಡುವ ಪ್ರೋಸೆಸ್ ನಂಬರು ಮಾತ್ರ, ಅಂಥ ನಂಬರು ಇರುವುದೇ 32 ಸಾವಿರ ಚಿಲ್ಲರೆ. ಒಂದೊಂದು ಬಗೆಯ ಕೀಲಿಗೂ ಅಷ್ಟೇ ಸಾಧ್ಯತೆ. 2008ರ ಮೇ ತಿಂಗಳಲ್ಲಿ ಇದು ಬಯಲಾದಾಗ ಲೆಕ್ಕವಿಲ್ಲದಷ್ಟು ಕೀಲಿಗಳನ್ನು ಎಸೆದು ಹೊಸದು ಮಾಡಬೇಕಾಯಿತು. ‘ನನ್ನ ಕೋಡ್ ಮುಟ್ಟಬೇಡಿ, ನಾನು ಕೊಟ್ಟದ್ದನ್ನು ಹಾಗೇ ಕೊಡಿ’ ಅಂತ ಬರೆದವರು ಹೇಳಿದಾಗ ನನಗೆ ಈ ಘಟನೆ ನೆನಪಾಗುತ್ತದೆ.

ಹಾಗಾದರೆ ಬರೆದವರು ಹೇಳಿದ ತಕ್ಷಣ, ಬಳಸುವವರು ಕೇಳಿದ ತಕ್ಷಣ ಹೊಸದನ್ನು ಹಾಕಿಬಿಡಬೇಕಾ? ಇಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನೀವು ಖಾರವಾಗಿ ಬರೆದೆ ಅಂದಿರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ.

ಎಕ್ಸ್‌ಜ಼ೆಡ್ ಅನ್ನುವ ಫೈಲ್ ಕುಗ್ಗಿಸುವ ಪ್ರೋಗ್ರಾಂ ಹೆಚ್ಚುಕಮ್ಮಿ ಎಲ್ಲ ಲಿನಕ್ಸ್‌ನಲ್ಲೂ ಇದೆ. ಅದನ್ನು ವರ್ಷಗಟ್ಟಲೆ ನೋಡಿಕೊಂಡವರು ಲಾಸೆ ಕಾಲಿನ್, ಒಬ್ಬರೇ, ಸಂಬಳವಿಲ್ಲದೆ. 2022ರಲ್ಲಿ ಕೆಲವು ಅಪರಿಚಿತ ಹೆಸರುಗಳಿಂದ ಅವರಿಗೆ ದೂರಿನ ಮೇಲೆ ದೂರು ಬಂದವು. ಕೆಲಸ ನಿಧಾನ, ತೇಪೆಗಳು ಕೊಳೆಯುತ್ತಿವೆ, ಬೇರೆಯವರಿಗೆ ಬಿಟ್ಟುಕೊಡಿ ಅಂತ. ತನ್ನ ಮಾನಸಿಕ ಆರೋಗ್ಯ ಸರಿಯಿಲ್ಲ, ಇದು ಹವ್ಯಾಸಕ್ಕೆ ಮಾಡುವ ಕೆಲಸ ಅಂತ ಅವರು ಉತ್ತರ ಬರೆದರು. ಅದೇ ಹೊತ್ತಿಗೆ ಜಿಯಾ ಟಾನ್ ಅನ್ನುವ ಹೆಸರಿನವರು ಸಹಾಯಕ್ಕೆ ಬಂದು, ನಂಬಿಕೆ ಗಳಿಸಿ, ಆವೃತ್ತಿ ಬಿಡುವ ಹಕ್ಕನ್ನೇ ಪಡೆದರು. 2024ರಲ್ಲಿ ಬಂದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಕಳ್ಳಬಾಗಿಲು ಇತ್ತು. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್ ಮೂಲಕ ಸರ್ವರ್ ಒಳಗೆ ನುಗ್ಗಲು ಮಾಡಿದ ಬಾಗಿಲು ಅದು. ಆ ಮಾರ್ಚ್‌ನಲ್ಲೇ ಇನ್ನೊಂದು ಅಪರಿಚಿತ ಹೆಸರಿನಿಂದ ಡೆಬಿಯನ್‌ಗೆ ಒಂದು ಮನವಿ ಬಂತು: ನಿಮ್ಮಲ್ಲಿರುವುದು ಹಳೆಯದು, 5.6.1 ಹಾಕಿ. ಇನ್ನೂ ಕೆಲವರು ಬಂದು ಹೌದು ಬೇಗ ಹಾಕಿ ಎಂದರು. ಮಾರ್ಚ್ 29ರಂದು ಆಂಡ್ರೆಸ್ ಫ್ರೌಂಡ್ ಅನ್ನುವ ಎಂಜಿನಿಯರ್ ಕಳ್ಳಬಾಗಿಲನ್ನು ಬಯಲು ಮಾಡಿದರು. ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಅಂತ ಅವರು ಹುಡುಕುತ್ತಾ ಹೋಗಿದ್ದರಿಂದ ಅದು ಸಿಕ್ಕಿತು. ಡೆಬಿಯನ್ ಅನ್‌ಸ್ಟೇಬಲ್ ಮತ್ತು ಟೆಸ್ಟಿಂಗ್‌ನಲ್ಲಿ ಆ ಆವೃತ್ತಿಗಳು ಆಗಲೇ ಸೇರಿದ್ದವು. ಸ್ಟೇಬಲ್‌ಗೆ ಬಂದಿರಲಿಲ್ಲ. ನಿಮ್ಮ ಡೆಬಿಯನ್ 12ಕ್ಕೆ ಏನೂ ಆಗಲಿಲ್ಲ.

ಹಳೆಯದೇ ಸುರಕ್ಷಿತ ಅಂತ ಹೇಳಲು ನಾನು ಈ ಕಥೆ ತರಲಿಲ್ಲ. ಓನ್‌ಕ್ಲೌಡ್ ಕಥೆ ಅದಕ್ಕೆ ಉಲ್ಟಾ ಇದೆಯಲ್ಲ. ನಾನು ಹೇಳಬೇಕಾದ್ದು ಇಷ್ಟು: ಒಬ್ಬಂಟಿ ಸ್ವಯಂಸೇವಕರ ಮೇಲೆ ‘ಹಳೆಯದು, ಹಳೆಯದು’ ಅಂತ ಒತ್ತಡ ಹೇರುವುದನ್ನೇ ಆಯುಧ ಮಾಡಿಕೊಂಡವರು ಇದ್ದಾರೆ. ಅದಾದ ಮೇಲೆ ಪ್ಯಾಕೇಜು ನೋಡಿಕೊಳ್ಳುವ ನಮ್ಮಂಥವರಿಗೆ, ಪರಿಚಯವಿಲ್ಲದವರು ಜೋರಾಗಿ ‘ಬೇಗ ಹಾಕಿ’ ಅಂದರೆ ಕೈ ಹಿಂದೆ ಹೋಗುತ್ತದೆ. ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ. ಆ ಕಡೆ ಕೂತವರಿಗೆ ಅದು ಹೇಗೆ ಗೊತ್ತಾಗಬೇಕು?

ನನ್ನದೇ ಒಂದು ವಿಷಯ ಹೇಳುತ್ತೇನೆ. ನಾನೂ ಕೆಲವು ವರ್ಷ ಒಂದು ಸಣ್ಣ ಪ್ಯಾಕೇಜು ನೋಡಿಕೊಳ್ಳುತ್ತಿದ್ದೆ, ಪದಪಟ್ಟಿಗೆ ಸಂಬಂಧಿಸಿದ್ದು. ಒಂದು ವರ್ಷ ಅಪ್ಪನಿಗೆ ಹುಷಾರು ತಪ್ಪಿತು. ಆಸ್ಪತ್ರೆಗೆ ಓಡಾಟ, ಆಮೇಲೆ ಸಕಲೇಶಪುರದ ತೋಟದಲ್ಲಿ ಕಾಫಿ ಕುಯ್ಲು, ಆಳುಗಳ ಸಮಸ್ಯೆ. 14 ತಿಂಗಳು ಆ ಪ್ಯಾಕೇಜಿನ ಕಡೆ ಹೋಗಲಿಲ್ಲ. ತಿರುಗಿ ಬಂದಾಗ ಎರಡು ಪತ್ರ ಕಾದಿದ್ದವು. ಒಂದು ಬೈಗುಳ. ಮಾಡಲಾಗದಿದ್ದರೆ ಜಾಗ ಬಿಡಿ, ನಿಮ್ಮಿಂದ ಎಲ್ಲರಿಗೂ ತೊಂದರೆ ಅಂತ. ಇನ್ನೊಂದರಲ್ಲಿ ದೋಷ ಯಾವ ಸಾಲಿನಲ್ಲಿದೆ ಅಂತ ತೋರಿಸಿ, ಬರೆದವರ ರಿಪೇರಿಯನ್ನು ಹಳೆಯ ಆವೃತ್ತಿಗೆ ಹೊಂದಿಸಿ, ಮೂರು ಮೆಷಿನ್‌ನಲ್ಲಿ ಓಡಿಸಿ ನೋಡಿದ ಫಲಿತಾಂಶವನ್ನೂ ಇಟ್ಟಿದ್ದರು. ಎರಡನೆಯದನ್ನು ಅದೇ ರಾತ್ರಿ ಹಾಕಿದೆ. ಮೊದಲನೆಯದು ಬಹಳ ದಿನ ಮನಸ್ಸಿನಲ್ಲಿ ಚುಚ್ಚಿತು. ಆದರೆ ಮಾತಿನ ಧಾಟಿ ಬಿಟ್ಟರೆ ಅವರು ಹೇಳಿದ್ದು ನಿಜವೇ ಆಗಿತ್ತು. ಕೆಲಸ ಮಾಡದೆ ಇರುವ ಹಕ್ಕು ಸ್ವಯಂಸೇವಕನಿಗೆ ಇದೆ. ಹೆಸರು ಮಾತ್ರ ಹಲಗೆಯ ಮೇಲೆ ಇಟ್ಟುಕೊಂಡು ಬೇರೆಯವರೂ ಮುಟ್ಟದ ಹಾಗೆ ಕೂರುವ ಹಕ್ಕು ಇಲ್ಲ. ‘ಸಹಾಯ ಬೇಕು’ ಅಂತ ಒಂದು ಸಾಲು ಹಾಕಲು ನನಗೆ ಐದು ನಿಮಿಷ ಸಾಕಿತ್ತು. ಹಾಕಲಿಲ್ಲ. ಆ ವರ್ಷವೇ ಎರಡನೇ ಪತ್ರದವರಿಗೆ ಪ್ಯಾಕೇಜು ಒಪ್ಪಿಸಿದೆ. ಈಗ ಅವರು ನನಗಿಂತ ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ.

ನಿಮ್ಮ ಅಂಕಪಟ್ಟಿಯ ಪ್ಯಾಕೇಜಿಗೆ ಏನು ಮಾಡಬಹುದು ಅಂತ ನೋಡೋಣ. ಇನ್ನೊಂದು ಸಲ ಬರೆಯಿರಿ, ಆದರೆ ಬೇರೆ ಥರ. ‘ಹೊಸ ಆವೃತ್ತಿ ಕೊಡಿ’ ಅಂತ ಕೇಳಬೇಡಿ. ಸ್ಟೇಬಲ್‌ಗೆ ಹೊಸ ಆವೃತ್ತಿ ಬರುವುದಿಲ್ಲ, ಹಾಗೆ ಕೇಳಿದ ದೂರು ಅಲ್ಲೇ ಸಾಯುತ್ತದೆ. ‘ಈ ದೋಷಕ್ಕೆ ಈ ತೇಪೆ ಹಾಕಿ’ ಅಂತ ಕೇಳಿ. ಸ್ಟೇಬಲ್‌ಗೆ ಸುಮಾರು ಎರಡು ತಿಂಗಳಿಗೊಮ್ಮೆ ಸಣ್ಣ ಪರಿಷ್ಕರಣೆ ಬರುತ್ತದೆ. ಪ್ರೋಗ್ರಾಂ ಮುಚ್ಚಿಹೋಗುವಂಥ ದೊಡ್ಡ ದೋಷದ ಚಿಕ್ಕ ತೇಪೆಗೆ ಅದರಲ್ಲಿ ಜಾಗ ಸಿಗುವ ಅವಕಾಶ ಇದೆ. ಅದೇ ತೇಪೆ ಮೊದಲು ಅನ್‌ಸ್ಟೇಬಲ್‌ಗೆ ಹೋಗಿರಬೇಕು. ಬರೆದವರಿಗೆ ಸೌಮ್ಯವಾಗಿ ಒಂದು ಪ್ರಶ್ನೆ ಕಳಿಸಿ: ಎರಡು ವರ್ಷದ ಹಿಂದೆ ಯಾವ ಬದಲಾವಣೆಯಲ್ಲಿ ಇದನ್ನು ಸರಿಮಾಡಿದಿರಿ ಅಂತ ತೋರಿಸುತ್ತೀರಾ? ಅದು ಸಿಕ್ಕರೆ ಅರ್ಧ ಕೆಲಸ ಮುಗಿಯಿತು.

ದೂರಿನಲ್ಲಿ ಕನ್ನಡದ ವಿವರ ಪೂರ್ತಿ ಇರಲಿ. ‘ಕನ್ನಡದಲ್ಲಿ ಪ್ರಿಂಟ್ ಆಗಲ್ಲ’ ಅಂದರೆ ಕನ್ನಡ ಗೊತ್ತಿಲ್ಲದವರಿಗೆ ಏನೂ ತಿಳಿಯುವುದಿಲ್ಲ. ಯಾವ ಹೆಸರು ತುಂಬಿದಾಗ ಮುಚ್ಚಿಹೋಗುತ್ತದೆ? ಎಲ್ಲ ಹೆಸರಿಗಾ, ಒತ್ತಕ್ಷರ ಇದ್ದಾಗ ಮಾತ್ರವಾ? ‘ರಮ’ ಬರೆದರೆ ಸರಿ, ‘ಲಕ್ಷ್ಮಿ’ ಬರೆದರೆ ಮುಚ್ಚುತ್ತದೆ ಅನ್ನುವಷ್ಟು ಸ್ಪಷ್ಟವಾಗಿ ಹೇಳಿ. ಫಾಂಟ್ ಯಾವುದು ಅಂತ ಬರೆಯಿರಿ. ಲೋಹಿತ್‌ನಲ್ಲಿ ಒಂದು ಸಲ, ಗುಬ್ಬಿಯಲ್ಲಿ ಒಂದು ಸಲ ಪ್ರಯತ್ನಿಸಿ. ಎರಡೂ ಡೆಬಿಯನ್‌ನಲ್ಲೇ ಇವೆ. ಎರಡರಲ್ಲೂ ಆದರೆ ತಪ್ಪು ಫಾಂಟಿನದ್ದಲ್ಲ. ಮಕ್ಕಳ ನಿಜವಾದ ಹೆಸರು, ಅಂಕ ಇರುವ ಫೈಲ್ ಮಾತ್ರ ಕಳಿಸಬೇಡಿ, ಸುಳ್ಳು ಹೆಸರುಗಳ ಒಂದು ಫೈಲ್ ಮಾಡಿ. ಕನ್ನಡದಲ್ಲಿ ಬರುವ ತೊಂದರೆಗಳನ್ನು ಹೀಗೆ ಬಿಡಿಸಿ ತಿಳಿಸುವವರು ನಮ್ಮಲ್ಲಿ ಬಹಳ ಕಡಿಮೆ. ನಾವು ಹೇಳದೇ ಇದ್ದರೆ ಬೇರೆ ಯಾವ ಭಾಷೆಯವರೂ ಇದನ್ನು ಕಂಡುಹಿಡಿಯಲು ಸಾಧ್ಯವಿಲ್ಲ.

ಹೀಗೆ ಬರೆದ ಮೇಲೂ ಉತ್ತರ ಬರದೇ ಇದ್ದರೆ ಡೆಬಿಯನ್‌ನಲ್ಲೇ ಅದಕ್ಕೊಂದು ಕ್ರಮ ಇದೆ. ನೋಡಿಕೊಳ್ಳುವವರು ತಾವಾಗಿ ಬಿಟ್ಟರೆ ಪ್ಯಾಕೇಜು ‘ಅನಾಥ’ ಅಂತ ಪಟ್ಟಿಗೆ ಸೇರುತ್ತದೆ, ಬೇಕಾದವರು ದತ್ತು ತೆಗೆದುಕೊಳ್ಳಬಹುದು. ಬಿಡದೆ ಸುಮ್ಮನೆ ಇದ್ದರೆ ಬೇರೆಯವರು ಒಂದು ತೇಪೆಯನ್ನು ಅವರ ಪರವಾಗಿ ಹಾಕಬಹುದು. ಅದಕ್ಕೂ ಮುಂದೆ ಹೋಗಿ, ಪ್ಯಾಕೇಜನ್ನೇ ವಹಿಸಿಕೊಳ್ಳುತ್ತೇನೆ ಅಂತ ಎಲ್ಲರಿಗೂ ಕಾಣುವ ಹಾಗೆ ನೋಟಿಸ್ ಹಾಕಿ, 21 ದಿನ ಕಾದು, ಆಕ್ಷೇಪಣೆ ಬರದಿದ್ದರೆ ಹೊಸ ಆವೃತ್ತಿ ಕಳಿಸುವ ಪದ್ಧತಿಯೂ ಇದೆ. ಕಳಿಸಿದ್ದು ಮತ್ತೆ ಏಳು ದಿನ ಸರದಿಯಲ್ಲಿ ಕಾಯುತ್ತದೆ, ಹಳಬರು ಬಂದು ಬೇಡ ಅನ್ನಬಹುದು ಅಂತ. ಯಾರನ್ನೂ ಅವಮಾನ ಮಾಡದೆ ಜವಾಬ್ದಾರಿ ಕೈ ಬದಲಾಯಿಸುವ ಈ ದಾರಿ ನನಗೆ ಬಹಳ ಇಷ್ಟ. ನನ್ನ ವಿಷಯದಲ್ಲಿ ಯಾರಾದರೂ ಇದನ್ನು ಆರಂಭಿಸಿದ್ದರೆ ನಾನು ಬೇಸರ ಮಾಡಿಕೊಳ್ಳುತ್ತಿರಲಿಲ್ಲ.

ಇದನ್ನು ಮಾಡಲು ನೀವೇ ಡೆಬಿಯನ್ ಡೆವಲಪರ್ ಆಗಿರಬೇಕಿಲ್ಲ. ಪ್ಯಾಕೇಜು ತಯಾರಿಸಿದರೆ ಒಬ್ಬ ಡೆವಲಪರ್ ಪರಿಶೀಲಿಸಿ ನಿಮ್ಮ ಪರವಾಗಿ ಏರಿಸುತ್ತಾರೆ. ಹಾಸನದಲ್ಲೂ ಚಿಕ್ಕಮಗಳೂರಿನಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ವಿಷಯ ಹುಡುಕುವ ಹುಡುಗ ಹುಡುಗಿಯರು ಪ್ರತಿ ವರ್ಷ ನನ್ನ ಹತ್ತಿರ ಬರುತ್ತಾರೆ. ಒಂದು ಶಾಲೆ ನಿಜವಾಗಿ ಬಳಸುವ ಅಂಕಪಟ್ಟಿಯ ಪ್ಯಾಕೇಜು ಅವರಿಗೆ ಕೊಡಬಹುದಾದ ಒಳ್ಳೆಯ ಕೆಲಸ. ಈ ಸಲ ಬಂದವರಲ್ಲಿ ಇಬ್ಬರಿಗೆ ಹೇಳಿ ನೋಡುತ್ತೇನೆ. ಆದರೆ ಅವರಿಗೂ ಒಂದು ಮಾತು ಮೊದಲೇ ಹೇಳುತ್ತೇನೆ: ಪ್ರಾಜೆಕ್ಟ್ ಮುಗಿದ ಮೇಲೆ ನೋಡಿಕೊಳ್ಳಲು ಆಗದಿದ್ದರೆ ಆ ದಿನವೇ ‘ಸಹಾಯ ಬೇಕು’ ಅಂತ ಹಾಕಿ ಹೋಗಬೇಕು.

ಅಲ್ಲಿಯವರೆಗೆ ಈ ಸಲದ ಅಂಕಪಟ್ಟಿ ನಿಲ್ಲಬಾರದು, ಅಲ್ವಾ? ಬರೆದವರ ಹೊಸ ಆವೃತ್ತಿಯನ್ನು ಅವರ ಪುಟದಿಂದಲೇ ತಂದು ಒಂದೇ ಮೆಷಿನ್‌ನಲ್ಲಿ ಹಾಕಿಕೊಳ್ಳಿ. ಪ್ರಿಂಟರ್ ಜೋಡಿಸಿರುವ ಮೆಷಿನ್ ಆದರೆ ಒಳ್ಳೆಯದು. ಹಾಗೆ ಹಾಕಿದ್ದಕ್ಕೆ ಡೆಬಿಯನ್‌ನ ಅಪ್‌ಡೇಟ್ ಬರುವುದಿಲ್ಲ ಅನ್ನುವುದು ನೆನಪಿರಲಿ. ಆ ಮೆಷಿನ್ ಮೇಲೆ ಒಂದು ಚೀಟಿ ಅಂಟಿಸಿ, ಯಾವ ಪ್ರೋಗ್ರಾಂ, ಯಾವ ತಾರೀಖು, ಯಾರು ಹಾಕಿದ್ದು ಅಂತ. ಮುಂದಿನ ವರ್ಷ ನಿಮ್ಮ ಜಾಗಕ್ಕೆ ಬೇರೆ ಮೇಷ್ಟ್ರು ಬಂದರೆ ಅವರಿಗೆ ಬೇಕಾಗುತ್ತದೆ. ದೂರು ಬರೆದ ಮೇಲೆ ಅದರ ಒಂದು ಪ್ರತಿ ನನಗೂ ಕಳಿಸಿ. ‘ಎಲ್‌ಎಸ್‌ಸಿಪಿಯು’ ಏನು ಹೇಳಿತು ಅಂತ 12 ಮೆಷಿನ್‌ನದ್ದೂ ಅದರ ಜೊತೆ ಬರೆದರೆ, ಯಾವುದನ್ನು ಡೆಬಿಯನ್ 13ಕ್ಕೆ ಏರಿಸಬಹುದು ಅಂತ ನಾನೇ ಗುರುತು ಮಾಡಿ ಕಳಿಸುತ್ತೇನೆ.